ಭಾನುವಾರದ ಪಾಳಿ

ಯಾಮಿನಿಗೆ ಅಂಥದ್ದು ಏನಾಗಿತ್ತು ಎಂದು ನಮ್ಮ ಕಡೆಯವರು ನನ್ನನ್ನು ಕೇಳುತ್ತಿದ್ದರು. ಮನೆಯಲ್ಲಿ ಯಾರಾದರೂ ಅಕಾಲದಲ್ಲಿ ತೀರಿಕೊಂಡರಾ, ಯಾರಾದರೂ ಸ್ವಾಮಿಗಳು ಮೋಸ ಮಾಡಿದರಾ, ಕಾಲೇಜಿನಲ್ಲಿ ಯಾರಾದರೂ ತಲೆ ಕೆಡಿಸಿದರಾ? ಒಬ್ಬ ಹೆಣ್ಣುಮಗಳು ದೇವರನ್ನು ನಂಬುವುದಿಲ್ಲ ಎಂದರೆ ಅದಕ್ಕೆ ಏನಾದರೂ ಪೆಟ್ಟು ಬಿದ್ದಿರಲೇಬೇಕು ಎಂಬುದು ಅವರ ಎಣಿಕೆ. ನಾನೂ ಒಮ್ಮೆ ಕೇಳಿದ್ದೆ.

"ಏನೂ ಆಗಿಲ್ಲ ರಾಧಿಕಕ್ಕ," ಎಂದಿದ್ದಳು. "ಚಿಕ್ಕೋಳಿದ್ದಾಗ ಎಲ್ಲರ ಜೊತೆ ನಾನೂ ಕೈ ಮುಗೀತಿದ್ದೆ. ಕಣ್ಣು ಮುಚ್ಚಿದ್ರೆ ಅಲ್ಲಿ ನಾನೊಬ್ಬಳೇ ಇದೀನಿ ಅನ್ಸೋದು. ಅಷ್ಟೇ."

ಅವಳು ಹಿರಿಯೂರಿನವಳು. ತಂದೆ ಗುರುಸಿದ್ದಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ತಾಯಿ ಶಿವಕ್ಕ ಲಿಂಗಪೂಜೆಯಾಗದೆ ಬಾಯಿಗೆ ಹನಿ ನೀರು ಹಾಕಿಕೊಳ್ಳದ ಹೆಂಗಸು. ಲ್ಯಾಬ್ ಟೆಕ್ನಾಲಜಿ ಓದಲು ದಾವಣಗೆರೆಗೆ ಹೊರಟ ದಿನ ಯಾಮಿನಿ ಕೊರಳಿನ ಲಿಂಗ ತೆಗೆದು ತಾಯಿಯ ಕೈಯಲ್ಲಿಟ್ಟಳಂತೆ. ಶಿವಕ್ಕ ಬೈಯಲಿಲ್ಲ, ಅಳಲೂ ಇಲ್ಲ. "ಇಟ್ಟಿರ್ತೀನಿ, ಬೇಕಾದಾಗ ಕೇಳು," ಎಂದು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ಅವರ ಮನೆಯಲ್ಲಿ ಆ ಮಾತು ಅಲ್ಲಿಗೇ ಮುಗಿಯಿತು. ಹಾಗೆ ಮುಗಿಯದ ಜಾಗಗಳೂ ಇರುತ್ತವೆ ಎಂದು ಅವಳಿಗೆ ತಿಳಿದದ್ದು ಇಲ್ಲಿಗೆ ಬಂದ ಮೇಲೆ.

ಇಲ್ಲಿ ಎಂದರೆ ಅಟ್ಲಾಂಟಾದ ಈಶಾನ್ಯಕ್ಕೆ, ನಾರ್‌ಕ್ರಾಸ್‌ನಿಂದ ಇಪ್ಪತ್ತು ನಿಮಿಷ ದೂರದ ಒಂದು ಆಸ್ಪತ್ರೆ. ನಾನು ಅಲ್ಲಿ ಫಾರ್ಮಸಿಸ್ಟ್. ಈ ದೇಶಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು, ಸಿಟಿಜನ್ ಆಗಿಯೇ ಹನ್ನೊಂದು ವರ್ಷ. ಯಾಮಿನಿ ಈ ದೇಶಕ್ಕೆ ಬಂದು ಕೆಲವು ವರ್ಷವಾದ ಮೇಲೆ, ೨೦೧೮ರಲ್ಲಿ, ಕೆಳಗಿನ ಮಹಡಿಯ ಬ್ಲಡ್ ಬ್ಯಾಂಕಿಗೆ ಟೆಕ್ನಾಲಜಿಸ್ಟ್ ಆಗಿ ಸೇರಿದಳು. ಆಸ್ಪತ್ರೆಯವರೇ ಅವಳಿಗೆ ಎಚ್-ಒನ್ ವೀಸಾ ಮಾಡಿಸಿದ್ದರು. ಗಂಡ ಧೀರಜ್‌ಗೆ ಸಾಫ್ಟ್‌ವೇರ್ ಕೆಲಸವಿತ್ತು, ಆದರೆ ಅವನ ಕೆಲಸದ ಅನುಮತಿ ಹೆಂಡತಿಯ ವೀಸಾಕ್ಕೆ ಗಂಟು ಹಾಕಿದ್ದು. ಅವಳ ಕೆಲಸ ಹೋದರೆ ಅರವತ್ತು ದಿನ. ಅಷ್ಟರೊಳಗೆ ಬೇರೆ ಆಸ್ಪತ್ರೆ ಸಿಗದಿದ್ದರೆ ಇಬ್ಬರೂ ಗಂಟುಮೂಟೆ ಕಟ್ಟಬೇಕು. ಇಲ್ಲೇ ಹುಟ್ಟಿದ ಮಗಳು ಸುರಭಿ ಆಗ ನಾಲ್ಕು ವರ್ಷದವಳು.

ಅವಳಿಗೆ ಆ ಕೆಲಸ ಎಷ್ಟು ಇಷ್ಟವಿತ್ತು ಎಂಬುದನ್ನು ಮೊದಲು ಹೇಳಬೇಕು. ಊಟದ ಹೊತ್ತಿಗೆ ಕೆಫೆಟೇರಿಯಾಕ್ಕೆ ಬಂದರೆ ರಕ್ತದ ಮಾತೇ. "ಎರಡು ಹನಿ ಹಾಕಿ ತಿರುಗಿಸಿ, ಟ್ಯೂಬನ್ನ ಮೆಲ್ಲಗೆ ಅಲ್ಲಾಡಿಸ್ಬೇಕು ಅಕ್ಕ. ಗುಂಪು ಹೊಂದದೇ ಇದ್ರೆ ಹಾಲು ಒಡೆದ ಹಾಗೆ ಗರಣೆ ಕಟ್ಟುತ್ತೆ. ಹೊಂದಿದ್ರೆ ಹೊಗೆ ಎದ್ದ ಹಾಗೆ ಕರಗುತ್ತೆ. ಯಾರೋ ಒಬ್ರು ಮೇಲೆ ಮಲಗಿರ್ತಾರೆ, ಅವರ ಮುಖ ನಾನು ನೋಡಿರಲ್ಲ, ಆದ್ರೂ ಅವರಿಗೆ ಏನು ಆಗುತ್ತೆ ಏನು ಆಗಲ್ಲ ನನಗೆ ಗೊತ್ತು." ಹೀಗೆ ಹೇಳುವಾಗ ಇಡ್ಲಿಯ ಡಬ್ಬಿ ಮುಚ್ಚಳ ತೆಗೆಯದೆ ಹಾಗೇ ಇರುತ್ತಿತ್ತು.

೨೦೨೦ರ ಏಪ್ರಿಲ್‌ನಲ್ಲಿ ಆಸ್ಪತ್ರೆಯ ಹಿಂದೆ ಹೆಣಗಳಿಗೆಂದು ಫ್ರೀಜರ್ ಟ್ರಕ್ ತಂದು ನಿಲ್ಲಿಸಿದರು. ಆ ವಾರವೇ ಬ್ಲಡ್ ಬ್ಯಾಂಕಿನ ಮೇಲ್ವಿಚಾರಕಿ ಡಾರ್ಲೀನ್ ಬೆಳಗಿನ ಪಾಳಿಗೆ ಮುಂಚೆ ಎಲ್ಲರನ್ನೂ ನಿಲ್ಲಿಸಿ ಪ್ರಾರ್ಥನೆ ಶುರು ಮಾಡಿದಳು. ಅರವತ್ತು ದಾಟಿದ, ದಪ್ಪ ಕನ್ನಡಕದ, ಎಲ್ಲರನ್ನೂ ಮುದ್ದಿನಿಂದ ಇಂಗ್ಲಿಷಿನ 'ಹನಿ' ಎಂದೇ ಕರೆಯುವ ಹೆಂಗಸು. ಆರು ಅಡಿ ದೂರ ದೂರ ನಿಂತು, ಮಾಸ್ಕಿನೊಳಗೆ ಎರಡು ನಿಮಿಷ. ಯಾಮಿನಿಯೂ ತಲೆ ತಗ್ಗಿಸಿ ನಿಂತಳು. ಆ ದಿನಗಳಲ್ಲಿ ತಲೆ ತಗ್ಗಿಸಲು ನಂಬಿಕೆಯೇನೂ ಬೇಕಿರಲಿಲ್ಲ ಎಂದು ಆಮೇಲೆ ಹೇಳಿದಳು. ಮರುವರ್ಷ ಅವಳಿಗೇ ಕೋವಿಡ್ ಬಂದಾಗ ಡಾರ್ಲೀನ್ ಮಾಂಸ ಹಾಕದ ಸೂಪ್ ಮಾಡಿ ತಂದು ಬಾಗಿಲಲ್ಲಿಟ್ಟು, ಯಾಮಿನಿ ಕಿಟಕಿಗೆ ಬಂದು ಕೈ ಬೀಸುವವರೆಗೂ ಕಾರಿನಲ್ಲೇ ಕೂತಿದ್ದಳು. ಡಾರ್ಲೀನ್ ಕೆಟ್ಟವಳು ಎಂದು ಯಾರಾದರೂ ಅಂದುಕೊಂಡರೆ ಈ ಕತೆ ಅರ್ಥವಾಗುವುದಿಲ್ಲ.

ಕೋವಿಡ್ ಇಳಿದರೂ ಪ್ರಾರ್ಥನೆ ನಿಲ್ಲಲಿಲ್ಲ. ದಿನಕ್ಕೊಬ್ಬರು ಹೇಳುವುದು ರೂಢಿಯಾಯಿತು. ೨೦೨೨ರ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಡಾರ್ಲೀನ್ ಯಾಮಿನಿಯ ಕಡೆ ತಿರುಗಿ, "ಇವತ್ತು ನೀನು ಹೇಳು ಹನಿ. ನಿನ್ನ ದೇವರಿಗೇ ಹೇಳು. ಇಲ್ಲಿ ನಾವೆಲ್ಲ ದೊಡ್ಡ ಮನಸ್ಸಿನವರು," ಎಂದಳು.

ಎಂಟು ಜನ ಕಾಯುತ್ತಿದ್ದರು. ಯಾಮಿನಿ ಏನಾದರೊಂದು ಹೇಳಿ ಪಾರಾಗಬಹುದಿತ್ತು. ಬಾಯಿಗೆ ಬಂದದ್ದು ಬೇರೆ.

"ಕ್ಷಮಿಸಿ, ನನಗೆ ಅಂಥ ದೇವರು ಯಾರೂ ಇಲ್ಲ. ನಾನು ಸುಮ್ಮನೆ ನಿಮ್ಮ ಜೊತೆ ನಿಂತಿರುತ್ತೇನೆ."

ಡಾರ್ಲೀನ್ "ಆಗಲಿ, ಹನಿ," ಎಂದು ತಾನೇ ಹೇಳಿ ಮುಗಿಸಿದಳು.

ಆ ಮಧ್ಯಾಹ್ನ ನನ್ನೆದುರು ಕೂತು ಯಾಮಿನಿ ಇದನ್ನು ಹೇಳಿದಾಗ ನನಗೆ ಸಿಟ್ಟೇ ಬಂತು. "ಒಂದು ಗಣಪತಿ ಶ್ಲೋಕ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಹಿಂದೂ ಅಂದ್ರೆ ಅವ್ರಿಗೆ ಅರ್ಥ ಆಗುತ್ತೆ. ಏನೂ ಇಲ್ಲ ಅಂದ್ರೆ ಹೆದರ್ಕೋತಾರೆ ಕಣೇ."

"ನನ್ನ ಕಂಡು ಹೆದರೋದೇನಿದೆ ಅಕ್ಕ?"

ಆ ವರ್ಷ ನವರಾತ್ರಿಯ ಗೊಂಬೆ ನೋಡಲು ನಾನು ಅವಳನ್ನು ಕರೆಯಲಿಲ್ಲ. ಅವಳಿಗೆ ಸುಮ್ಮನೆ ಮುಜುಗರ ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ.

ಆಮೇಲೆ ನಡೆದದ್ದನ್ನು ಇದು ಇಂಥ ದಿನ ಆಯಿತು ಎಂದು ಬೊಟ್ಟು ಮಾಡಿ ತೋರಿಸುವುದು ಕಷ್ಟ. ಅವಳ ಲಾಕರಿನಲ್ಲಿ ಒಂದು ಸಣ್ಣ ಪುಸ್ತಕ ಸಿಕ್ಕಿತು, ಯಾರಿಟ್ಟರೋ. "ನಿನಗೋಸ್ಕರ ಪ್ರಾರ್ಥನೆ ಮಾಡ್ತಿದ್ದೇವೆ," ಎಂದು ಇಬ್ಬರು ಬೇರೆ ಬೇರೆ ದಿನ ತೋಳು ಮುಟ್ಟಿ ಹೇಳಿದರು, ಅವಳಿಗೇನೋ ಕಾಯಿಲೆ ಎಂಬಂತೆ. ಬುಧವಾರ ಬೆಳಗಿನ ತಿಂಡಿಗೆ ಡಾರ್ಲೀನ್ ಜೊತೆ ನಾಲ್ಕೈದು ಮಂದಿ ಹೊರಗೆ ಹೋಗುತ್ತಿದ್ದರು. ಯಾಮಿನಿಯನ್ನು ಕರೆಯುವುದು ನಿಂತಿತು. ಯಾರಿಗೆ ಯಾವ ತರಬೇತಿ, ಯಾರಿಗೆ ಯಾವ ಪಾಳಿ ಎಂಬ ಮಾತೆಲ್ಲ ಅಲ್ಲೇ ಆಗುತ್ತಿತ್ತು. ಚಳಿಗಾಲದಿಂದ ಅವಳಿಗೆ ಭಾನುವಾರದ ಪಾಳಿ ಬರತೊಡಗಿತು. ಮೊದಲು ತಿಂಗಳಿಗೆರಡು, ಆಮೇಲೆ ಎಲ್ಲ ಭಾನುವಾರವೂ, ಕ್ರಿಸ್‌ಮಸ್ಸೂ, ಈಸ್ಟರೂ. ಕೇಳಿದ್ದಕ್ಕೆ ಡಾರ್ಲೀನ್, "ನಿನಗೆ ಚರ್ಚೂ ಇಲ್ಲ, ದೇವಸ್ಥಾನವೂ ಇಲ್ಲವಲ್ಲ ಹನಿ. ಉಳಿದವರಿಗೆ ಕಷ್ಟವಾಗುತ್ತೆ," ಎಂದಳು. ಸುರಭಿಯ ಈಜಿನ ಸ್ಪರ್ಧೆಗಳೆಲ್ಲ ಭಾನುವಾರವೇ ಇದ್ದವು ಎಂದು ಹೇಳಬೇಕೆಂದು ಯಾಮಿನಿ ಬಾಯಿ ತೆರೆದಳು, ಹೇಳಲಿಲ್ಲ.

ಆ ವರ್ಷದ ವರದಿಯಲ್ಲಿ ಕೆಲಸಕ್ಕೆ ಪೂರಾ ಅಂಕ ಕೊಟ್ಟು, ತಂಡದೊಂದಿಗೆ ಬೆರೆಯುವುದರಲ್ಲಿ ಸುಧಾರಿಸಬೇಕು ಎಂದು ಬರೆದಿದ್ದರು. ಪಾಳಿಯ ತಂಡ ನಡೆಸುವ ಲೀಡ್ ಹುದ್ದೆ ಅವಳಿಗಿಂತ ಮೂರು ವರ್ಷ ಕಿರಿಯಳಿಗೆ ಹೋಯಿತು.

ಅವಳು ಬದಲಾದದ್ದು ಆಗಲೇ. ಮುಂಚೆ ಎರಡು ಸಲ ನೋಡುತ್ತಿದ್ದ ಲೇಬಲ್ಲನ್ನು ನಾಲ್ಕು ಸಲ ನೋಡತೊಡಗಿದಳು. ಬೆಳಿಗ್ಗೆ ಕಾರು ನಿಲ್ಲಿಸಿ ಹತ್ತು ನಿಮಿಷ ಸ್ಟೀರಿಂಗ್ ಹಿಡಿದು ಕೂತೇ ಇರುತ್ತಿದ್ದಳು. ನಾನು ಎರಡು ಸಲ ಕಂಡೆ. "ತಪ್ಪು ಅಂತ ಒಂದೇ ಒಂದು ಸಾಕು ಅಕ್ಕ," ಎಂದಳು ಒಂದು ದಿನ. "ಬೇರೆಯವ್ರು ಮಾಡಿದ್ರೆ ಅದು ತಪ್ಪು. ನಾನು ಮಾಡಿದ್ರೆ ಅದು ನಾನು ಎಂಥೋಳು ಅನ್ನೋದಕ್ಕೆ ಸಾಕ್ಷಿ."

೨೦೨೩ರ ನವೆಂಬರ್, ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಭಾನುವಾರ. ಬ್ಲಡ್ ಬ್ಯಾಂಕಿನಲ್ಲಿ ಅವಳೊಬ್ಬಳೇ ಇದ್ದಳು. ಒಂಬತ್ತು ಗಂಟೆಯ ಸುಮಾರಿಗೆ ಎಮರ್ಜೆನ್ಸಿಯಿಂದ ಗುಲಾಬಿ ಮುಚ್ಚಳದ ಟ್ಯೂಬು ಬಂತು. ಹೊಟ್ಟೆಯೊಳಗೆ ರಕ್ತಸ್ರಾವವಾಗುತ್ತಿದ್ದ ಎಪ್ಪತ್ತೆರಡರ ಮುದುಕ. ಪರೀಕ್ಷೆ ಮಾಡಿದರೆ 'ಎ' ಗುಂಪು ಬಂತು. ಕಂಪ್ಯೂಟರಿನಲ್ಲಿ ಅವನ ಹಳೆಯ ದಾಖಲೆ ತೆಗೆದರೆ, ನಾಲ್ಕು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ 'ಓ' ಎಂದಿತ್ತು. ಮನುಷ್ಯನ ರಕ್ತದ ಗುಂಪು ಹಾಗೆಲ್ಲ ಬದಲಾಗುವುದಿಲ್ಲ. ಎರಡರಲ್ಲಿ ಒಂದು ಸುಳ್ಳು. 'ಓ' ಇರುವವನಿಗೆ 'ಎ' ರಕ್ತ ಏರಿಸಿದರೆ ಗಂಟೆಯೊಳಗೆ ಪ್ರಾಣ ಹೋಗಬಹುದು.

ಅವಳು ಅದೇ ಟ್ಯೂಬಿನಿಂದ ಇನ್ನೊಮ್ಮೆ ಪರೀಕ್ಷೆ ಮಾಡಿದಳು. ಮತ್ತೆ 'ಎ'. ಫೋನೆತ್ತಿ ಹೊಸದಾಗಿ ರಕ್ತ ತೆಗೆದು ಕಳಿಸಿ ಎಂದಳು. ಆ ಕಡೆ ಡಾಕ್ಟರು ಕೂಗಾಡಿದರು.

"ನಿನ್ನ ಪರೀಕ್ಷೆ ಏನು ಹೇಳುತ್ತೆ?"

"ಎ ಅನ್ನುತ್ತೆ."

"ಮತ್ತೆ ಎ ಕಳಿಸು."

"ಕಳಿಸುವುದಿಲ್ಲ, ಡಾಕ್ಟರ್. ಯಾರಿಗಾದರೂ ಕೊಡಬಹುದಾದ ಓ ರಕ್ತ ಈಗಲೇ ಕಳಿಸುತ್ತಿದ್ದೇನೆ. ಹೊಸ ಸ್ಯಾಂಪಲ್ ಬರುವವರೆಗೆ ಅದನ್ನು ಕೊಡಿ."

ಫೋನು ಇಟ್ಟು, ರಕ್ತದ ಚೀಲದ ನಂಬರನ್ನು ಮೂರು ಸಲ ಓದಿ ಕಳಿಸಿದಳಂತೆ. ಹೊಸ ಸ್ಯಾಂಪಲ್ ಅರ್ಧ ಗಂಟೆಯಲ್ಲಿ ಬಂತು. 'ಓ'. ಮುದುಕ ಬದುಕಿದ.

ಅವಳನ್ನು ಹೊಗಳಬೇಕಿತ್ತು ಎಂದು ನೀವು ಅಂದುಕೊಳ್ಳಬಹುದು. ಮೊದಲ ಟ್ಯೂಬಿನೊಳಗೆ ಬೇರೆಯವರ ರಕ್ತ ಹೇಗೆ ಬಂತು ಎಂಬ ಪ್ರಶ್ನೆ ಎದ್ದಿತು. ರಕ್ತ ತೆಗೆದ ನರ್ಸ್ ಶೆಲ್ಬಿ, ಇಪ್ಪತ್ತಾರರ ಹುಡುಗಿ, ತಾನು ಹಾಸಿಗೆಯ ಪಕ್ಕದಲ್ಲೇ ಸರಿಯಾದ ಲೇಬಲ್ ಅಂಟಿಸಿದ್ದೆ ಎಂದಳು. ಹಾಗಾದರೆ ಅದಲುಬದಲಾದದ್ದು ಬ್ಲಡ್ ಬ್ಯಾಂಕಿನ ಮೇಜಿನ ಮೇಲೆ. ಆ ಹೊತ್ತಿಗೆ ಯಾಮಿನಿಯ ಮುಂದೆ ಮೂರು ಸ್ಯಾಂಪಲ್ಲುಗಳಿದ್ದವು, ಅದರಲ್ಲಿ ಬೇರೊಬ್ಬ ರೋಗಿಯದೊಂದು 'ಎ'. ಒಂದರ ಬದಲು ಇನ್ನೊಂದನ್ನು ತೆಗೆದುಕೊಂಡು ಪರೀಕ್ಷೆ ಮಾಡಿರಬಹುದು. ಒಬ್ಬಳೇ ಇದ್ದಳು, ನೋಡಿದವರಿಲ್ಲ. ಶೆಲ್ಬಿ ಹೋಗುತ್ತಿದ್ದದ್ದು ಡಾರ್ಲೀನ್ ಹೋಗುವ ಚರ್ಚಿಗೇ. ಅವಳನ್ನು ನರ್ಸಿಂಗ್ ಓದಲು ಹುರಿದುಂಬಿಸಿದ್ದೂ ಡಾರ್ಲೀನೇ.

ಸೋಮವಾರ ಡಾರ್ಲೀನ್ ಯಾಮಿನಿಯನ್ನು ಕರೆದು, ವಿಚಾರಣೆ ಮುಗಿಯುವವರೆಗೆ ಬ್ಲಡ್ ಬ್ಯಾಂಕಿನೊಳಗೆ ಬರುವುದು ಬೇಡ, ಮೂತ್ರ ಪರೀಕ್ಷೆಯ ಕಡೆ ಕೆಲಸ ಮಾಡು ಎಂದಳು. ಗುಣಮಟ್ಟ ನೋಡುವ ಅಧಿಕಾರಿ ರಜೆಯಲ್ಲಿದ್ದರು, ಬರುವುದು ಹತ್ತು ದಿನದ ಮೇಲೆ.

"ಆ ಟ್ಯೂಬನ್ನು ಎತ್ತಿಡಿ," ಎಂದಳು ಯಾಮಿನಿ. "ಬೇರೆ ಯಾರಾದರೂ ಅದನ್ನು ಮತ್ತೆ ಪರೀಕ್ಷೆ ಮಾಡಲಿ. ನಾನು ಮೇಜಿನ ಮೇಲೆ ಅದಲುಬದಲು ಮಾಡಿದ್ದರೆ ಅದರೊಳಗೆ ಓ ಇರುತ್ತೆ. ಎ ಇದ್ದರೆ ನನ್ನ ಹತ್ತಿರ ಬರುವ ಮುಂಚೆಯೇ ತಪ್ಪಾಗಿದೆ. ಅಷ್ಟು ಸಾಕು."

"ನಿಯಮದ ಪ್ರಕಾರ ಏನು ಮಾಡಬೇಕೋ ಮಾಡುತ್ತೇವೆ, ಹನಿ," ಎಂದಳು ಡಾರ್ಲೀನ್. ಕಣ್ಣು ಕಾಗದದ ಮೇಲಿತ್ತು.

ಆ ಉತ್ತರ ಯಾಮಿನಿಯ ನಿದ್ದೆ ಕೆಡಿಸಿತು. ಸ್ಯಾಂಪಲ್ಲುಗಳನ್ನು ವಾರಕ್ಕೂ ಒಂದು ದಿನ ಹೆಚ್ಚು ಫ್ರಿಜ್ಜಿನಲ್ಲಿಟ್ಟು ಆಮೇಲೆ ಕಸಕ್ಕೆ ಹಾಕುವುದು ಅಲ್ಲಿಯ ಪದ್ಧತಿ. ಬೇಕೆಂದೇ ಯಾರೂ ಕೇಡು ಮಾಡಬೇಕಾಗಿರಲಿಲ್ಲ. ಎಂಟನೆಯ ದಿನ ಯಾರೋ ಒಬ್ಬರು ತಮ್ಮ ಪಾಡಿಗೆ ತಾವು ರ‍್ಯಾಕನ್ನು ಕೆಂಪು ಡಬ್ಬಿಗೆ ಬಗ್ಗಿಸಿದರೆ ಮುಗಿಯಿತು. ಆಮೇಲೆ ಅವಳ ಮಾತು, ಶೆಲ್ಬಿಯ ಮಾತು. ಯಾರ ಮಾತು ನಿಲ್ಲುತ್ತದೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

ಧೀರಜ್ ಹೊರಗೆ ಧೈರ್ಯವಾಗಿಯೇ ಇದ್ದ. ಬೇರೆ ರಾಜ್ಯದ ಊರುಗಳಾದ ಕ್ಯಾರಿಯಲ್ಲಿ, ರೆಸ್ಟನ್‌ನಲ್ಲಿ ಇರುವ ಗೆಳೆಯರಿಗೆಲ್ಲ ಫೋನ್ ಮಾಡಿ ಅಲ್ಲಿಯ ಆಸ್ಪತ್ರೆಗಳಲ್ಲಿ ಜಾಗ ಇದೆಯಾ ಎಂದು ವಿಚಾರಿಸತೊಡಗಿದ. ಅದು ಯಾಮಿನಿಯನ್ನು ಇನ್ನಷ್ಟು ಹೆದರಿಸಿತು.

"ನೀನು ಈಗಲೇ ಯಾಕೆ ವಿಚಾರಿಸ್ತಿದೀಯ? ನಾನು ತಪ್ಪು ಮಾಡಿದೀನಿ ಅಂತಾನಾ?"

"ಅಲ್ಲ ಕಣೇ. ಅರವತ್ತು ದಿನ ಅನ್ನೋದು ಎಷ್ಟು ಬೇಗ ಹೋಗುತ್ತೆ ಅಂತ ನಿಂಗೂ ಗೊತ್ತು."

"ಫೈರ್ ಯಾಕೆ ಮಾಡಿದ್ರು ಅಂತ ಅವ್ರು ಕೇಳ್ತಾರೆ. ತಪ್ಪು ರಕ್ತದ ಕೇಸ್ ಅಂದ್ರೆ ನನ್ನ ಯಾವ ಬ್ಲಡ್ ಬ್ಯಾಂಕೂ ಒಳಗೆ ಬಿಟ್ಕೊಳಲ್ಲ."

ಅಡಿಗೆಮನೆಯ ಬಾಗಿಲಲ್ಲಿ ಸುರಭಿ ನಿಂತಿದ್ದಳು. "ಅಮ್ಮಾ, ಆರ್ ವಿ ಮೂವಿಂಗ್?" ಎಂದಳು. "ಇಲ್ಲ ಪುಟ್ಟಾ," ಎಂದು ಇಬ್ಬರೂ ಒಟ್ಟಿಗೇ ಹೇಳಿದರಂತೆ. ಹುಡುಗಿ ಇಬ್ಬರ ಮುಖವನ್ನೂ ನೋಡಿ ಹೊರಟುಹೋಯಿತು. ಮರುದಿನದಿಂದ ಶಾಲೆಯಿಂದ ಬಂದವಳೇ ಅಮ್ಮನ ಕಾರು ನಿಂತಿದೆಯೋ ಇಲ್ಲವೋ ಎಂದು ಮೊದಲು ನೋಡತೊಡಗಿದಳು.

ಈಗ ನನ್ನ ವಿಷಯ ಹೇಳಬೇಕು. ಥ್ಯಾಂಕ್ಸ್‌ಗಿವಿಂಗ್‌ನ ಗುರುವಾರದ ರಜೆ ಮುಗಿದು ಶುಕ್ರವಾರ ನಾನು ಕೆಫೆಟೇರಿಯಾದಲ್ಲಿ ಒಬ್ಬಳೇ ಊಟ ಮಾಡುತ್ತಿದ್ದೆ. ಪಕ್ಕದ ಮೇಜಿನಲ್ಲಿ ಬ್ಲಡ್ ಬ್ಯಾಂಕಿನ ಇಬ್ಬರು ಕೂತಿದ್ದರು. ಒಬ್ಬಳು ಹೇಳಿದಳು, "ಅವಳು ಕೆಟ್ಟವಳು ಅಂತಲ್ಲ. ಆದರೆ ಯೋಚನೆ ಮಾಡು, ಮೇಲಿನಿಂದ ಯಾರೂ ನೋಡ್ತಿಲ್ಲ ಅಂತ ನಂಬಿರೋಳು ಒಬ್ಬಳೇ ಇರುವಾಗ ಯಾಕೆ ಜಾಗ್ರತೆ ಮಾಡ್ತಾಳೆ?" ಇನ್ನೊಬ್ಬಳು, "ನಾನೂ ಅದೇ ಅಂದುಕೊಂಡೆ," ಎಂದಳು. ನನ್ನನ್ನು ನೋಡಿ ನಕ್ಕಳು. ನಾನೂ ನಕ್ಕೆ.

ನಾನು ಎದ್ದು, ಅವಳನ್ನು ಐದು ವರ್ಷದಿಂದ ಬಲ್ಲೆ, ಅವಳಷ್ಟು ಜಾಗ್ರತೆಯವರು ಈ ಕಟ್ಟಡದಲ್ಲೇ ಇಲ್ಲ ಎನ್ನಬಹುದಿತ್ತು. ಅವಳ ಮೇಲೆ ಅನುಮಾನ ಹುಟ್ಟಿರುವುದು ಯಾವುದರಿಂದ ಎಂದು ಮೇಲಿನವರಿಗೆ ಒಂದು ಸಾಲು ಬರೆಯಬಹುದಿತ್ತು. ನನಗೆ ವೀಸಾದ ಭಯವಿಲ್ಲ, ಕೆಲಸ ಹೋಗುವ ಭಯವೂ ಇಲ್ಲ. ಆದರೂ ತಟ್ಟೆ ತೆಗೆದುಕೊಂಡು ಎದ್ದು ಬಂದೆ. ಆ ಸಂಜೆ ಯಾಮಿನಿ ಫೋನ್ ಮಾಡಿ, "ನಿಮ್ಮ ಕಡೆ ಏನಾದ್ರೂ ಮಾತಾಡ್ತಿದಾರಾ ಅಕ್ಕ?" ಎಂದು ಕೇಳಿದಳು. "ಏನಿಲ್ಲ ಕಣೇ, ಸುಮ್ನೆ ಟೆನ್ಷನ್ ಮಾಡ್ಕೋಬೇಡ," ಎಂದೆ.

ಎಂಟನೆಯ ದಿನ ಸೋಮವಾರ ಬಂತು. ಯಾಮಿನಿ ಆರೂವರೆಗೇ ಬಂದು ಬ್ಲಡ್ ಬ್ಯಾಂಕಿನ ಹೊರಗೆ ಕಾರಿಡಾರಿನಲ್ಲಿ ನಿಂತಳು. ಒಳಗೆ ಹೋಗುವಂತಿಲ್ಲ, ಗಾಜಿನ ಬಾಗಿಲಿನಿಂದ ಸ್ಯಾಂಪಲ್ಲುಗಳ ಫ್ರಿಜ್ ಕಾಣುತ್ತಿತ್ತು, ಅದರ ಬಾಗಿಲೂ ಗಾಜಿನದೇ. ಹಿಂದಿನ ವಾರದ ಆ ಭಾನುವಾರದ ರ‍್ಯಾಕ್ ಎರಡನೆಯ ಅಂತಸ್ತಿನಲ್ಲಿತ್ತು. ತಾನೇ ಇಟ್ಟ ಜಾಗ ಅವಳಿಗೆ ಚೆನ್ನಾಗಿ ಗೊತ್ತು: ಮುಂದಿನ ಸಾಲಿನ ಕೊನೆ. ಆ ತೂತು ಖಾಲಿಯಿತ್ತು. ಅಕ್ಕಪಕ್ಕದ ಟ್ಯೂಬುಗಳೆಲ್ಲ ಇದ್ದವು, ಅದೊಂದೇ ಇರಲಿಲ್ಲ.

ರ‍್ಯಾಕು ಕಸಕ್ಕೆ ಹೋಗಿದ್ದರೆ ಮರೆವು ಎನ್ನಬಹುದಿತ್ತು. ಒಂದೇ ಟ್ಯೂಬು ಹೋಗಿದೆ ಎಂದರೆ ಯಾರೋ ಕೈ ಹಾಕಿ ತೆಗೆದಿದ್ದಾರೆ. ಒಳಗೆ ಪ್ರಾರ್ಥನೆ ನಡೆಯುತ್ತಿತ್ತು, ಎಲ್ಲರ ಬೆನ್ನು ಅವಳ ಕಡೆಗಿತ್ತು. ಆ ಎರಡು ನಿಮಿಷ ಅವಳು ಗೋಡೆಗೆ ಆತುಕೊಂಡು ಹಿರಿಯೂರಿನ ಮನೆಯಲ್ಲಿ ಸುರಭಿಯನ್ನು ಯಾವ ಶಾಲೆಗೆ ಸೇರಿಸುವುದು, ಅವಳಿಗೆ ಕನ್ನಡ ಓದಲು ಬರುವುದಿಲ್ಲವಲ್ಲ ಎಂದು ಯೋಚಿಸುತ್ತಿದ್ದಳು.

ಡಾರ್ಲೀನ್ ತನ್ನ ಕೋಣೆಗೆ ಹೋಗುವಾಗ ಯಾಮಿನಿ ಹಿಂದೆಯೇ ಹೋದಳು. ಕೇಳಬೇಕಾದ್ದನ್ನು ಸುತ್ತಿಬಳಸದೆ ಕೇಳಿದಳು. "ಟ್ಯೂಬು ಇಲ್ಲ. ಯಾರು ತೆಗೆದರು?"

ಡಾರ್ಲೀನ್ ಜೇಬಿನಿಂದ ಬೀಗದ ಕೈ ತೆಗೆದು ಮೇಜಿನಡಿಯ ಸಣ್ಣ ಫ್ರಿಜ್ಜನ್ನು ತೆರೆದಳು. ಪ್ಲಾಸ್ಟಿಕ್ ಚೀಲದೊಳಗೆ ಗುಲಾಬಿ ಮುಚ್ಚಳದ ಟ್ಯೂಬು. ಚೀಲದ ಮೇಲೆ ತಾರೀಖು, ಇಬ್ಬರ ಸಹಿ. ತಾರೀಖು ಹಿಂದಿನ ಸೋಮವಾರದ್ದು, ಯಾಮಿನಿ ಕೇಳಿಕೊಂಡ ದಿನದ್ದೇ.

"ಎಸೆದೆ ಅಂದುಕೊಂಡೆಯಾ?" ಎಂದಳು ಡಾರ್ಲೀನ್.

"ನೀವು ಹೇಳಲಿಲ್ಲ," ಎಂದಳು ಯಾಮಿನಿ. "ಎಂಟು ದಿನ ನಾನು..."

"ನನಗೂ ನಿದ್ದೆಯಿರಲಿಲ್ಲ," ಎಂದಳು ಡಾರ್ಲೀನ್. "ಶೆಲ್ಬಿಯನ್ನು, ಆ ಮಗುವನ್ನು, ಅದು ಹುಟ್ಟಿದಾಗಿನಿಂದ ನೋಡಿದ್ದೇನೆ."

ಗುರುವಾರ ಗುಣಮಟ್ಟದ ಅಧಿಕಾರಿಯ ಎದುರು ಚೀಲ ಬಿಚ್ಚಿದರು. ಪರೀಕ್ಷೆ ಮಾಡಲು ಆ ಭಾನುವಾರ ರಜೆಯಲ್ಲಿದ್ದ ಒಬ್ಬರನ್ನು ಕರೆಸಿದ್ದರು. ಯಾಮಿನಿಯನ್ನು ಬಾಗಿಲ ಹತ್ತಿರ ನಿಲ್ಲಲು ಬಿಟ್ಟರು. ಟ್ಯೂಬಿನ ಮೇಲೆ ಮುದುಕನ ಹೆಸರಿನ ಲೇಬಲ್, ಅದರ ಮೇಲೆ ಶೆಲ್ಬಿಯದೇ ಕೈಬರಹದಲ್ಲಿ ಅವಳ ಹೆಸರಿನ ಎರಡು ಮೊದಲಕ್ಷರ. ಒಳಗೆ 'ಎ' ರಕ್ತ. ಪಕ್ಕದ ಹಾಸಿಗೆಯ ರೋಗಿಯ ಗುಂಪು 'ಎ' ಎಂದು ದಾಖಲೆಯಲ್ಲಿತ್ತು. ಶೆಲ್ಬಿ ಇಬ್ಬರಿಂದಲೂ ಒಟ್ಟಿಗೇ ರಕ್ತ ತೆಗೆದು, ಲೇಬಲ್ಲುಗಳನ್ನು ಹಾಸಿಗೆಯ ಪಕ್ಕದಲ್ಲಲ್ಲ, ನರ್ಸುಗಳ ಮೇಜಿನ ಮೇಲೆ ಅಂಟಿಸಿದ್ದಳು. ಅಂದು ಇಬ್ಬರು ಮಾಡುವ ಕೆಲಸವನ್ನು ಅವಳೊಬ್ಬಳೇ ಮಾಡುತ್ತಿದ್ದಳು.

ವರದಿಯನ್ನು ಡಾರ್ಲೀನ್ ತನ್ನ ಕೈಯಿಂದಲೇ ಬರೆದಳು. ತಪ್ಪು ಎಲ್ಲಾಯಿತು, ಅದನ್ನು ಹಿಡಿದವರು ಯಾರು, ಎರಡನ್ನೂ ಸ್ಪಷ್ಟವಾಗಿ ಬರೆದಿದ್ದಳು. ಆಮೇಲೆ ಯಾಮಿನಿಯನ್ನು ಒಳಗೆ ಕರೆದು ಬಾಗಿಲು ಹಾಕಿದಳು.

"ನೀನು ಜಾಗ್ರತೆಯವಳು ಅಂತ ನನಗೆ ಯಾವತ್ತೂ ಗೊತ್ತಿತ್ತು ಹನಿ. ಆದರೆ ನೀನು ಅಷ್ಟು ಜಾಗ್ರತೆಯಾಗಿರೋದು ಯಾವುದರಿಂದ ಅಂತ ಗೊತ್ತಿರಲಿಲ್ಲ."

ಯಾಮಿನಿ ನನಗೆ ಹೇಳಿದ್ದು, ಆ ಎಂಟು ದಿನಗಳಿಗಿಂತ ಆ ಮಾತೇ ತನ್ನನ್ನು ಹೆಚ್ಚು ಹೆದರಿಸಿತು ಎಂದು. ಐದು ವರ್ಷ ಪಕ್ಕದಲ್ಲೇ ನಿಂತು ಕೆಲಸ ನೋಡಿದ, ಕಾಯಿಲೆ ಬಿದ್ದಾಗ ಸೂಪ್ ತಂದ ಹೆಂಗಸು ಇದನ್ನು ಯೋಚಿಸುತ್ತಲೇ ಇದ್ದಳಲ್ಲ ಎಂದು. ಆದರೂ ಉತ್ತರ ಕೊಟ್ಟಳು.

"ಟ್ಯೂಬಿನ ಆ ತುದಿಯಲ್ಲಿ ಒಬ್ಬ ಮನುಷ್ಯ ಇರ್ತಾನೆ, ಡಾರ್ಲೀನ್. ನನಗೆ ಅಷ್ಟು ಸಾಕಾಗುತ್ತೆ." ಅದರ ಹಿಂದೆಯೇ, "ಭಾನುವಾರದ ಪಾಳಿ ಎಲ್ಲರಿಗೂ ಸರದಿಯಲ್ಲಿ ಬರಬೇಕು. ನನ್ನ ಮಗಳಿಗೆ ಭಾನುವಾರ ಈಜಿನ ಸ್ಪರ್ಧೆ ಇರುತ್ತೆ," ಎಂದಳು.

ಡಾರ್ಲೀನ್ ತಕ್ಷಣ ಒಪ್ಪಲಿಲ್ಲ. ಉಳಿದವರು ಬೇಸರಪಟ್ಟುಕೊಳ್ಳುತ್ತಾರೆ ಎಂದಳು. ಯಾಮಿನಿ ತನ್ನ ಕೋರಿಕೆಯನ್ನೇ ಮೇಲ್ ಬರೆದು ಕಳಿಸಿದಳು. ಜನವರಿಯ ಪಟ್ಟಿಯಲ್ಲಿ ಅವಳಿಗೆ ಒಂದೇ ಭಾನುವಾರ ಇತ್ತು. ಇಬ್ಬರು ಅವಳೊಂದಿಗೆ ಮಾತಾಡುವುದನ್ನು ಕಡಿಮೆ ಮಾಡಿದರು.

ಶೆಲ್ಬಿಯನ್ನು ಕೆಲಸದಿಂದ ತೆಗೆಯಲಿಲ್ಲ, ಮತ್ತೆ ತರಬೇತಿಗೆ ಹಾಕಿದರು. ಒಂದು ಮಧ್ಯಾಹ್ನ ಪಾರ್ಕಿಂಗ್ ಕಟ್ಟಡದಲ್ಲಿ ಯಾಮಿನಿಯ ಕಾರಿನ ಹತ್ತಿರ ಕಾಯುತ್ತ ನಿಂತಿದ್ದಳಂತೆ. ಯಾಮಿನಿಗೆ ಮೊದಲು ವಾಪಸು ಹೋಗಿಬಿಡೋಣ ಅನ್ನಿಸಿತು.

"ನಾನು ಸುಳ್ಳು ಹೇಳಬೇಕು ಅಂತ ಹೇಳಲಿಲ್ಲ," ಎಂದಳು ಆ ಹುಡುಗಿ. "ಹಾಸಿಗೆಯ ಪಕ್ಕದಲ್ಲೇ ಲೇಬಲ್ ಅಂಟಿಸಿದ್ದೆ ಅಂತ ನನಗೇ ಅನ್ನಿಸಿಬಿಟ್ಟಿತ್ತು. ಒಂದು ಜೀವ ಹೋಗಿಬಿಡುತ್ತಿತ್ತಲ್ಲ ಅಂತ ಭಯ."

"ನನಗೂ ಭಯವಾಗಿತ್ತು," ಎಂದಳು ಯಾಮಿನಿ. ಶೆಲ್ಬಿ ಅತ್ತಳು. ಯಾಮಿನಿ ಕಾರಿನಲ್ಲಿದ್ದ ಟಿಶ್ಯೂ ಡಬ್ಬಿ ಕೊಟ್ಟಳು.

ನಾನು ನನ್ನ ಮಾತು ಹೇಳಲು ಇನ್ನೂ ಎರಡು ತಿಂಗಳು ತೆಗೆದುಕೊಂಡೆ. ಒಂದು ಶನಿವಾರ ನಾರ್‌ಕ್ರಾಸ್‌ನ ಅಂಗಡಿಯಲ್ಲಿ ಸಾಮಾನು ಕೊಂಡು ಇಬ್ಬರೂ ನನ್ನ ಕಾರಿನಲ್ಲಿ ಕೂತಿದ್ದೆವು. ಕೆಫೆಟೇರಿಯಾದಲ್ಲಿ ಕೇಳಿದ್ದನ್ನು, ನಕ್ಕದ್ದನ್ನು, ಸಂಜೆ ಏನಿಲ್ಲ ಎಂದದ್ದನ್ನು ಹೇಳಿದೆ. ಅವಳು ಮುಂದಿನ ಗಾಜಿನಾಚೆ ನೋಡುತ್ತ ಕೂತಿದ್ದಳು.

"ಅವತ್ತೇ ಹೇಳ್ಬಹುದಿತ್ತಲ್ಲ ಅಕ್ಕ."

"ಹೂಂ."

"ನಿಮಗೆ ಯಾವುದರ ಭಯ ಇತ್ತು?"

"ಗೊತ್ತಿಲ್ಲ ಕಣೇ. ಅವ್ರ ಮಾತು ಪೂರ್ತಿ ತಪ್ಪು ಅಂತ ನಂಗೂ ಅನ್ಸಿರ್ಲಿಲ್ವೇನೋ."

ಅವಳು ಇಳಿದು, ಹಿಂದಿನ ಸೀಟಿನಿಂದ ತನ್ನ ಚೀಲಗಳನ್ನು ತೆಗೆದುಕೊಂಡು ತನ್ನ ಕಾರಿಗೆ ಹೋದಳು. ಏಳು ವಾರ ಫೋನ್ ಮಾಡಲಿಲ್ಲ. ಆಮೇಲೆ ಒಂದು ದಿನ ಮಧ್ಯಾಹ್ನ ನನ್ನ ಮೇಜಿಗೆ ಬಂದು ಕೂತಳು. ಆ ವಿಷಯ ಎತ್ತಲಿಲ್ಲ. ನಮ್ಮಿಬ್ಬರ ನಡುವೆ ಮಾತು ಮತ್ತೆ ಶುರುವಾಯಿತು, ಆದರೆ ಮೊದಲಿನ ಹಾಗಲ್ಲ. ಈಗ ಅವಳು ಏನನ್ನಾದರೂ ಹೇಳುವ ಮುಂಚೆ ನನ್ನ ಮುಖ ನೋಡುತ್ತಾಳೆ.

ಯಾಮಿನಿ ಇನ್ನೂ ಅಲ್ಲೇ ಕೆಲಸ ಮಾಡುತ್ತಿದ್ದಾಳೆ. ಕ್ಯಾರಿಯ ಒಂದು ಆಸ್ಪತ್ರೆಯಿಂದ ಕರೆ ಬಂದಿತ್ತು, ಗ್ರೀನ್ ಕಾರ್ಡಿನ ಅರ್ಜಿಯನ್ನು ಮತ್ತೆ ಮೊದಲಿನಿಂದ ಮಾಡಿಸಬೇಕಾಗುತ್ತದೆ ಎಂದು ಹೋಗಲಿಲ್ಲ. ಹೊಸದಾಗಿ ಬಂದ ಇಬ್ಬರಿಗೆ ಕಲಿಸುವ ಕೆಲಸ ಅವಳಿಗೇ ಸಿಕ್ಕಿದೆ. ಅದನ್ನು ಹೇಳುವಾಗ ಮುಖ ಅರಳುತ್ತದೆ. ಈ ಸಲ ಲೀಡ್ ಹುದ್ದೆ ಮತ್ತೆ ಖಾಲಿಯಾದಾಗ ಅರ್ಜಿ ಹಾಕಲೋ ಬೇಡವೋ ಎಂದು ಮೂರು ದಿನ ಒದ್ದಾಡಿದಳು. ಕಣ್ಣಿಗೆ ಬೀಳದೆ ಇರುವುದೇ ಒಳ್ಳೆಯದು ಎಂದು ಧೀರಜ್‌ಗೆ ಹೇಳಿದಳಂತೆ. ಕೊನೆಯ ದಿನ ಊಟದ ಬಿಡುವಿನಲ್ಲಿ ಫೋನಿನಲ್ಲೇ ತುಂಬಿ ಕಳಿಸಿದಳು. ಕಳಿಸಿದ ಮೇಲೆ ಕೈ ತಣ್ಣಗಾಗಿತ್ತು. ಪಕ್ಕದಲ್ಲಿ ಕೂತಿದ್ದ ನನ್ನ ಕೈ ಮುಟ್ಟಿ ತೋರಿಸಿದಳು.